ಕಬ್ಬಿಣ, ಹದ ಮತ್ತು ನಮ್ಮ ಕಪ್ಪತಗುಡ್ಡ

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹರೂಪ. ಲೇಖಕರು ಈ ಶಾಲೆಯ ಹಳೆಯ ವಿದ್ಯಾರ್ಥಿ, ಮೆಕ್ಯಾನಿಕಲ್ ವಿಭಾಗದ ಬಿ.ಇ. ಪದವೀಧರರು. ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್.)



ಸಮಿತಿಯವರು ನನಗೆ ಕೊಟ್ಟ ವಿಷಯ ‘ಕಂಪ್ಯೂಟರ್ ಮತ್ತು ಮುಂದಿನ ದಿನಗಳು’. ಅದನ್ನು ಹೇಳಲು ನಿಮ್ಮೆಲ್ಲರ ಕೈಯಲ್ಲಿ ಮೊಬೈಲ್ ಇದೆ, ನನಗಿಂತ ಚೆನ್ನಾಗಿ ಹೇಳುತ್ತದೆ. ನಾನು ಕಬ್ಬಿಣದ ಬಗ್ಗೆ ಮಾತಾಡುತ್ತೇನೆ ಅಂದೆ. ‘ಸಾಫ್ಟ್‌ವೇರ್ ಹುಡುಗಗ ಕಬ್ಬಿಣ ಯಾಕ ಬೇಕೊ ತಮ್ಮಾ?’ ಅಂತ ಹಿರಿಯರೊಬ್ಬರು ನಕ್ಕರು. ಕಾರಣ ಇದೆ. ನಮ್ಮ ಗದಗ, ಮುಂಡರಗಿ, ಶಿರಹಟ್ಟಿ ತಾಲೂಕುಗಳ ನಡುವೆ ಕಪ್ಪತಗುಡ್ಡ ಮಲಗಿದೆ. ಅದರ ಹೊಟ್ಟೆಯೊಳಗೆ ಕಬ್ಬಿಣ ಇದೆ, ಮ್ಯಾಂಗನೀಸ್ ಇದೆ, ಬಂಗಾರವೂ ಇದೆ. ಹತ್ತು ವರ್ಷಕ್ಕೊಮ್ಮೆಯಾದರೂ ಯಾರೋ ಒಬ್ಬರು ಬಂದು ಅದನ್ನು ತೆಗೆಯುವ ಮಾತಾಡುತ್ತಾರೆ. ಆಗ ಊರು ಎರಡು ಭಾಗ ಆಗುತ್ತದೆ. ‘ಕೆಲಸ ಸಿಗತೈತಿ’ ಅನ್ನುವವರು ಒಂದು ಕಡೆ, ‘ಗುಡ್ಡ ಹೋಗತೈತಿ’ ಅನ್ನುವವರು ಇನ್ನೊಂದು ಕಡೆ. ಆದರೆ ಕಲ್ಲಿನಿಂದ ಲೋಹ ಹೇಗೆ ಬರುತ್ತದೆ, ಬರುವಾಗ ಏನೇನು ಖರ್ಚಾಗುತ್ತದೆ, ಏನು ಉಳಿಯುತ್ತದೆ ಎನ್ನುವುದನ್ನು ಎರಡೂ ಕಡೆಯವರು ಅಷ್ಟಾಗಿ ಕೇಳುವುದಿಲ್ಲ. ಆ ಲೆಕ್ಕ ಎಂಟನೇ ತರಗತಿಯ ಗಣಿತಕ್ಕಿಂತ ಕಷ್ಟದ್ದಲ್ಲ.

ಮೊದಲು ತುಕ್ಕಿನಿಂದ ಶುರುಮಾಡೋಣ. ಮಳೆಯಲ್ಲಿ ಬಿಟ್ಟ ಸಲಿಕೆ ಕೆಂಪಾಗುತ್ತದೆ. ಕಬ್ಬಿಣ ಗಾಳಿಯಲ್ಲಿರುವ ಆಮ್ಲಜನಕವನ್ನು ಹಿಡಿದುಕೊಂಡು, ನೀರಿನ ಸಹಾಯದಿಂದ ಕೆಂಪು ಪುಡಿಯಾಗುತ್ತದೆ. ಈಗ ಗುಡ್ಡದ ಕೆಂಪು ಕಲ್ಲು ನೋಡಿ. ಅದೂ ಹೆಚ್ಚುಕಡಿಮೆ ಅದೇ ಪದಾರ್ಥ, ಕಬ್ಬಿಣ ಮತ್ತು ಆಮ್ಲಜನಕ. ಅದಿರು ಅಂದರೆ ಬಹಳ ಹಳೆಯ ತುಕ್ಕು ಅಂತ ತಿಳಿದುಕೊಳ್ಳಿ. ಎಷ್ಟು ಹಳೆಯದು? 250 ಕೋಟಿ ವರ್ಷಕ್ಕೂ ಹಿಂದೆ ಇಲ್ಲಿ ಸಮುದ್ರ ಇತ್ತು. ಅದರ ತಳದಲ್ಲಿ ಪದರು ಪದರಾಗಿ ಕೂತದ್ದೇ ಕಪ್ಪತಗುಡ್ಡದ ಪಟ್ಟಿ ಪಟ್ಟಿ ಕಲ್ಲು. ದನ ಕಾಯಲು ಹೋದವರೆಲ್ಲ ಅದನ್ನು ನೋಡಿದ್ದೀರಿ. ಒಂದು ಪಟ್ಟಿ ಕೆಂಪು ಅಥವಾ ಕಪ್ಪು, ಒಂದು ಪಟ್ಟಿ ಬಿಳಿ. ಬಣ್ಣದ ಪಟ್ಟಿಯಲ್ಲಿ ಕಬ್ಬಿಣ, ಬಿಳಿಯದರಲ್ಲಿ ಬೆಣಚುಕಲ್ಲಿನ ಅಂಶ. ಇಂಥ ಬಂಡೆಗಳಿಗೆ ಇಡೀ ಜಗತ್ತಿನ ಭೂವಿಜ್ಞಾನಿಗಳು ನಮ್ಮ ಹಳೆಯ ಜಿಲ್ಲೆಯ ಹೆಸರನ್ನೇ ಇಟ್ಟು ‘ಧಾರವಾಡ ಶಿಲೆಗಳು’ ಅನ್ನುತ್ತಾರೆ. ಆ ಹೆಸರು ಇಟ್ಟವನು ರಾಬರ್ಟ್ ಬ್ರೂಸ್ ಫೂಟ್ ಎಂಬ ಇಂಗ್ಲಿಷ್ ಭೂವಿಜ್ಞಾನಿ. ಅವನ ಮಾತು ಮುಂದೆ ಮತ್ತೆ ಬರುತ್ತದೆ.

ಹಾಗಾದರೆ ಕಬ್ಬಿಣ ತೆಗೆಯುವುದು ಅಂದರೆ ತುಕ್ಕನ್ನು ಹಿಂದಕ್ಕೆ ತಿರುಗಿಸುವ ಕೆಲಸ. ಆಮ್ಲಜನಕವನ್ನು ಕಬ್ಬಿಣದ ಕೈಯಿಂದ ಬಿಡಿಸಬೇಕು. ಸುಮ್ಮನೆ ಕೇಳಿದರೆ ಬಿಡುವುದಿಲ್ಲ. ಆಮ್ಲಜನಕದ ಮೇಲೆ ಕಬ್ಬಿಣಕ್ಕಿಂತ ಹೆಚ್ಚು ಆಸೆ ಇರುವ ಇನ್ನೊಬ್ಬ ಬರಬೇಕು. ಅವನೇ ಇಂಗಾಲ, ಅಂದರೆ ನಮ್ಮ ಇದ್ದಿಲು. ಅದಿರು ಮತ್ತು ಇದ್ದಿಲನ್ನು ಒಟ್ಟಿಗೆ ಹಾಕಿ ತಿದಿ ಒತ್ತಿ ಜೋರಾಗಿ ಕಾಯಿಸಿದರೆ ಇಂಗಾಲ ಆಮ್ಲಜನಕವನ್ನು ಕಿತ್ತುಕೊಂಡು ಅನಿಲವಾಗಿ ಹಾರಿಹೋಗುತ್ತದೆ, ಕಬ್ಬಿಣ ಕೆಳಗೆ ಉಳಿಯುತ್ತದೆ. ಇಷ್ಟೇ ವಿಷಯ. ಇದ್ದಿಲು ಬರೀ ಉರುವಲು ಅಂತ ನಾವು ತಿಳಿದಿರುತ್ತೇವೆ. ಅದು ಉರುವಲೂ ಹೌದು, ಕೆಲಸ ಮಾಡುವ ಆಳೂ ಹೌದು.

ಕಬ್ಬಿಣ ಕರಗಲು 1538 ಡಿಗ್ರಿ ಶಾಖ ಬೇಕು. ಹಳೆಯ ಕಾಲದ ಮಣ್ಣಿನ ಕುಲುಮೆಗಳು ಅಷ್ಟು ಕಾಯುತ್ತಿರಲಿಲ್ಲ. ಆದ್ದರಿಂದ ಅಲ್ಲಿ ಕಬ್ಬಿಣ ನೀರಾಗದೆ, ತೂತು ತೂತಾದ ಮೆತ್ತಗಿನ ಗಡ್ಡೆಯಾಗಿ ಬರುತ್ತಿತ್ತು. ಅದನ್ನು ಬಿಸಿಯಿರುವಾಗಲೇ ಬಡಿದು ಬಡಿದು ಒಳಗಿನ ಕಿಟ್ಟ ಹೊರಹಾಕುತ್ತಿದ್ದರು. ಈ ವಿದ್ಯೆ ನಮ್ಮ ನೆಲಕ್ಕೆ ಹೊಸದಲ್ಲ. ಪಕ್ಕದ ಹಾವೇರಿ ಜಿಲ್ಲೆಯಲ್ಲಿ, ನಮ್ಮದೇ ತುಂಗಭದ್ರೆಯ ದಂಡೆಯಲ್ಲಿ ಹಳ್ಳೂರು ಅಂತ ಊರಿದೆ. 1965ರ ಸುಮಾರಿಗೆ ಅಲ್ಲಿ ಉತ್ಖನನ ಮಾಡಿದಾಗ ಸಿಕ್ಕ ಕಬ್ಬಿಣದ ವಸ್ತುಗಳ ಕಾಲ ಕ್ರಿ.ಪೂ. 1000ದ ಆಸುಪಾಸು ಅಂತ ಲೆಕ್ಕ ಹಾಕಿದರು. ಮೂರು ಸಾವಿರ ವರ್ಷ!

ಇವತ್ತಿನ ಕಾರ್ಖಾನೆಯಲ್ಲೂ ನಡೆಯುವುದು ಅದೇ, ಪ್ರಮಾಣ ಮಾತ್ರ ಬೇರೆ. ಗದಗ ರೈಲ್ವೆ ಸ್ಟೇಷನ್ನಿನಲ್ಲಿ ಅರ್ಧ ತಾಸು ನಿಂತರೆ ಗೋವಾ ಬಂದರಿನ ಕಡೆಯಿಂದ ಕಲ್ಲಿದ್ದಲು ತುಂಬಿಕೊಂಡು ತೋರಣಗಲ್ಲಿನ ಕಡೆಗೆ ಹೋಗುವ ಗೂಡ್ಸ್ ಗಾಡಿ ನೋಡಬಹುದು. ಕಬ್ಬಿಣದ ಅದಿರು ಪಕ್ಕದ ಸಂಡೂರಿನಲ್ಲೇ ಇರುವಾಗ ಇಷ್ಟೊಂದು ಕಲ್ಲಿದ್ದಲು ಯಾಕೆ ಹೊರುತ್ತಾರೆ ಅಂತ ಚಿಕ್ಕವನಿದ್ದಾಗ ನನಗೆ ಅನಿಸುತ್ತಿತ್ತು. ಉತ್ತರ ಇದೇ: ತುಕ್ಕು ಬಿಡಿಸುವ ಆಳು ಅದು. ಒಂದು ಟನ್ ಕಬ್ಬಿಣಕ್ಕೆ ಸುಮಾರು 1.6 ಟನ್ ಒಳ್ಳೆಯ ಅದಿರು, ಸುಮಾರು ಅರ್ಧ ಟನ್ ಕೋಕ್, ಅಂದರೆ ಸುಟ್ಟು ಶುದ್ಧಮಾಡಿದ ಕಲ್ಲಿದ್ದಲು, ಜೊತೆಗೆ ಒಂದಿಷ್ಟು ಸುಣ್ಣದ ಕಲ್ಲು ಬೇಕು. ಈ ಅಂಕಿಗಳನ್ನು ವಿದ್ಯಾರ್ಥಿಗಳು ಬರೆದುಕೊಳ್ಳಿ, ಆಮೇಲೆ ಬೇಕಾಗುತ್ತದೆ.

ಈಗ ಕಬ್ಬಿಣ ಬಂತು. ಆದರೆ ಯಾವ ಕಬ್ಬಿಣ? ಶುದ್ಧ ಕಬ್ಬಿಣ ಮೆದು. ಅದರ ಕಣಗಳು ಪದರು ಪದರಾಗಿ ಕೂತಿರುತ್ತವೆ. ಬಡಿದರೆ ಒಂದು ಪದರು ಇನ್ನೊಂದರ ಮೇಲೆ ಜಾರುತ್ತದೆ, ಬುಟ್ಟಿಯಲ್ಲಿ ಪೇರಿಸಿಟ್ಟ ಖಡಕ್ ರೊಟ್ಟಿ ಜಾರಿದ ಹಾಗೆ. ರೊಟ್ಟಿಗಳ ನಡುವೆ ಒಂದೊಂದು ಶೇಂಗಾ ಬೀಜ ಸಿಕ್ಕಿಬಿದ್ದರೆ? ಜಾರುವುದು ಕಷ್ಟ. ಆ ಶೇಂಗಾ ಬೀಜದ ಕೆಲಸವನ್ನು ಇಂಗಾಲ ಮಾಡುತ್ತದೆ. ಮನೆ ಕಟ್ಟುವ ಸಲಾಕೆಯಲ್ಲಿ ನೂರಕ್ಕೆ ಕಾಲು ಭಾಗದಷ್ಟು ಇಂಗಾಲ ಇದ್ದರೆ ಹೆಚ್ಚು. ಒಳ್ಳೆಯ ಕುಡಗೋಲಿನಲ್ಲಿ ಅರ್ಧದಿಂದ ಮುಕ್ಕಾಲು ಭಾಗ. ಎರಡು ಭಾಗದವರೆಗೂ ಉಕ್ಕು ಅನ್ನುತ್ತೇವೆ. ಮೂರು-ನಾಲ್ಕು ಭಾಗ ಆಯಿತೋ, ಅದು ಬೀಡು. ಬೀಡಿನ ಕಾವಲಿ ಎಷ್ಟು ಗಟ್ಟಿ! ಆದರೆ ಕೈಜಾರಿ ಬಂಡೆಯ ಮೇಲೆ ಬಿದ್ದರೆ ಎರಡು ತುಂಡು. ಸಾರಿಗೆ ಉಪ್ಪು ಹಾಕುವಾಗ ನಮ್ಮ ತಾಯಂದಿರು ಕೈಯಳತೆ ನೋಡುತ್ತಾರಲ್ಲ, ಇಲ್ಲೂ ಅಷ್ಟೇ ಸೂಕ್ಷ್ಮ.

ಅಳತೆಯಷ್ಟೇ ಸಾಲದು. ನಮ್ಮ ಭಾಷೆಯಲ್ಲಿ ಒಂದು ಅಪರೂಪದ ಮಾತಿದೆ: ಹದ. ಹೊಲಕ್ಕೆ ಹದ, ಹಿಟ್ಟಿಗೆ ಹದ, ಪಾಕಕ್ಕೆ ಹದ, ಕಬ್ಬಿಣಕ್ಕೂ ಹದ. ನಾನು ಮೂರನೇ ಸೆಮಿಸ್ಟರಿನಲ್ಲಿ ಮೆಟಲರ್ಜಿ ಅಂತ ಒಂದು ವಿಷಯ ಓದಿದೆ. ದಪ್ಪ ಪುಸ್ತಕ, ಕಣ್ಣು ಕತ್ತಲೆ ಬರುವಂಥ ನಕ್ಷೆಗಳು. ಅರ್ಧ ಪುಸ್ತಕ ಓದಿದ ಮೇಲೆ ಗೊತ್ತಾಯಿತು, ಇದೆಲ್ಲ ನಮ್ಮೂರಿನ ಕಂಬಾರಸಾಲಿಯಲ್ಲಿ ದಿನಾ ನಡೆಯುವ ಕೆಲಸ ಅಂತ. ನಮ್ಮ ಕಡೆ ಇದೂ ಸಾಲಿ, ಅದೂ ಸಾಲಿ. ಎರಡರಲ್ಲೂ ನಾನು ಕಲಿತಿದ್ದೇನೆ ಅಂತ ಹೇಳಿಕೊಳ್ಳಲು ನನಗೆ ಹೆಮ್ಮೆ.

ಹದ ಅಂದರೇನು ಅಂತ ಬಾಯಲ್ಲಿ ಹೇಳುವುದಕ್ಕಿಂತ ತೋರಿಸುತ್ತೇನೆ. ಬಿಸಿಯೂಟದ ಅಡುಗೆಮನೆಯಿಂದ ಗ್ಯಾಸ್ ಒಲೆ ತರಿಸಿದ್ದೇನೆ. ಇಲ್ಲಿ ಒಂದೇ ಪೊಟ್ಟಣದ ಮೂರು ಹೊಲಿಗೆ ಸೂಜಿ ಇವೆ. ಒಳ್ಳೆಯ ಉಕ್ಕು. ಮೊದಲನೆಯದನ್ನು ಇಕ್ಕಳದಲ್ಲಿ ಹಿಡಿದು ಕೆಂಪಗೆ ಕಾಯಿಸಿ, ಹಾಗೇ ಗಾಳಿಯಲ್ಲಿ ನಿಧಾನವಾಗಿ ಆರಲು ಬಿಡುತ್ತೇನೆ. ಎರಡನೆಯದನ್ನು ಅಷ್ಟೇ ಕೆಂಪಗೆ ಕಾಯಿಸಿ, ತಕ್ಷಣ ಈ ಚರಿಗೆಯ ನೀರಿಗೆ ಅದ್ದುತ್ತೇನೆ. ಚುಂಯ್ ಅಂತು. ಈಗ ಬಾಗಿಸಿ ನೋಡೋಣ. ಮೊದಲನೆಯದು ತಂತಿಯ ಹಾಗೆ ಬಾಗಿತು, ಬಾಗಿದ್ದು ಬಾಗಿದ ಹಾಗೇ ನಿಂತಿತು. ಎರಡನೆಯದು, ಕೇಳಿಸಿತೇ? ಟಕ್ ಅಂತ ಮುರಿಯಿತು, ಗಾಜಿನ ಹಾಗೆ. ಒಂದೇ ಉಕ್ಕು, ಒಂದೇ ಬೆಂಕಿ. ವ್ಯತ್ಯಾಸ ಆರಿಸಿದ ರೀತಿಯಲ್ಲಿ ಮಾತ್ರ.

ಯಾಕೆ ಹೀಗೆ? ಸಂತೆ ಮುಗಿದ ಮೇಲೆ ಲಕ್ಷ್ಮೇಶ್ವರದಿಂದ ಹೊರಡುವ ಸಂಜೆಯ ಬಸ್ಸು ನೆನಪಿಸಿಕೊಳ್ಳಿ. ಉಕ್ಕು ಕೆಂಪಗೆ ಕಾದಾಗ ಇಂಗಾಲದ ಕಣಗಳು ಕಬ್ಬಿಣದೊಳಗೆ ಜನರ ಹಾಗೆ ನುಗ್ಗಿ ಬೆರೆಯುತ್ತವೆ. ನಿಧಾನವಾಗಿ ಆರಿದರೆ ಎಲ್ಲರಿಗೂ ಹೊರಬರಲು, ತಮ್ಮ ತಮ್ಮ ಜಾಗ ಹುಡುಕಿ ಕೂಡಲು ಸಮಯ ಸಿಗುತ್ತದೆ. ನೀರಿಗೆ ಅದ್ದಿದರೆ ಕಂಡಕ್ಟರ್ ಒಮ್ಮೆಲೇ ಬಾಗಿಲು ಹಾಕಿದ ಹಾಗೆ. ಇದ್ದವರು ಇದ್ದಲ್ಲೇ ಸಿಕ್ಕಿಬೀಳುತ್ತಾರೆ, ಕೈಕಾಲು ಆಡಿಸಲು ಜಾಗವಿಲ್ಲ. ಬಹಳ ಗಟ್ಟಿ, ಆದರೆ ಸ್ವಲ್ಪ ಒತ್ತಿದರೆ ಒಡೆಯುವಷ್ಟು ಬಿಗಿ.

ಮೂರನೆಯ ಸೂಜಿಯನ್ನೂ ಕೆಂಪಗೆ ಕಾಯಿಸಿ ನೀರಿಗೆ ಅದ್ದಿದ್ದೇನೆ. ಆದರೆ ಕೆಲಸ ಅಲ್ಲಿಗೆ ಮುಗಿಯಲಿಲ್ಲ. ಉಸುಕಿನ ಕಾಗದದಿಂದ ತಿಕ್ಕಿ ಹೊಳಪು ಮಾಡಿ, ಸಣ್ಣ ಉರಿಯ ಮೇಲೆ ಎತ್ತರದಲ್ಲಿ ಹಿಡಿಯುತ್ತೇನೆ. ಮುಂದಿನ ಸಾಲಿನವರು ಬಣ್ಣ ನೋಡಿ: ಮೊದಲು ಒಣ ಹುಲ್ಲಿನ ಬಣ್ಣ, ಆಮೇಲೆ ಕಂದು, ಆಮೇಲೆ ನೇರಳೆ, ಈಗ ನವಿಲುಗರಿಯ ನೀಲಿ. ನೀಲಿ ಅಂದರೆ ಸುಮಾರು 300 ಡಿಗ್ರಿ. ಬಸ್ಸು ಎರಡು ಮೈಲಿ ಕುಲುಕಾಡಿದ ಮೇಲೆ ನಿಂತವರೆಲ್ಲ ಸ್ವಲ್ಪ ಸ್ವಲ್ಪ ಸರಿದು ಹೊಂದಿಕೊಳ್ಳುತ್ತಾರಲ್ಲ, ಅದೇ ಆಯಿತು. ಈಗ ಬಾಗಿಸುತ್ತೇನೆ. ಬಾಗಿತು, ಬಿಟ್ಟರೆ ತಿರುಗಿ ನೆಟ್ಟಗಾಯಿತು. ಇದೇ ಹದ.

ಕಂಬಾರಸಾಲಿ ಯಾಕೆ ಯಾವಾಗಲೂ ಅರೆಗತ್ತಲೆ ಅಂತ ಈಗ ತಿಳಿಯಿತಲ್ಲ? ಬಡತನಕ್ಕಷ್ಟೇ ಅಲ್ಲ. ಬಿಸಿಲಿನಲ್ಲಿ ಕೆಂಪಿನ ಅಂದಾಜು ಸಿಗುವುದಿಲ್ಲ. ನಮ್ಮೂರ ಕಂಬಾರಜ್ಜನ ಬಳಿ ಶಾಖ ಅಳೆಯುವ ಯಂತ್ರ ಇರಲಿಲ್ಲ, ಕಣ್ಣೇ ಯಂತ್ರ. ಕುಡಗೋಲಿನ ಬಾಯಿಯನ್ನಷ್ಟೇ ನೀರಿಗೆ ಅದ್ದಿ ಬೆನ್ನನ್ನು ಹೊರಗೆ ಬಿಡುತ್ತಿದ್ದ. ಬಾಯಿ ಗಟ್ಟಿಯಾಗಿ ಕೊಯ್ಯಬೇಕು, ಬೆನ್ನು ಮೆದುವಾಗಿ ಪೆಟ್ಟು ತಾಳಬೇಕು. ಹಳೆಯ ಲಾರಿಯ ಕಮಾನು ಪಟ್ಟಿಯನ್ನೇ ಹುಡುಕಿ ತರುತ್ತಿದ್ದ. ಅದರಲ್ಲಿ ಇಂಗಾಲ ನೂರಕ್ಕೆ ಅರ್ಧ ಭಾಗಕ್ಕಿಂತ ತುಸು ಹೆಚ್ಚು ಇರುತ್ತದೆ, ಕುಡಗೋಲಿಗೆ ಬೇಕಾದಷ್ಟೇ. ಈ ಲೆಕ್ಕವನ್ನು ಆತ ಯಾವ ಪುಸ್ತಕದಲ್ಲೂ ಓದಿರಲಿಲ್ಲ.

ದಕ್ಷಿಣ ಭಾರತದ ಉಕ್ಕಿಗೆ ಯುರೋಪಿನವರು ‘ವೂಟ್ಜ್’ ಅಂತ ಕರೆದರು. ಅದು ನಮ್ಮ ‘ಉಕ್ಕು’ ಶಬ್ದದಿಂದಲೇ ಬಂದದ್ದು ಎಂದು ಬಹಳ ವಿದ್ವಾಂಸರು ಹೇಳುತ್ತಾರೆ. ಮುಚ್ಚಿದ ಮಣ್ಣಿನ ಮೂಸೆಯಲ್ಲಿ ಕಬ್ಬಿಣಕ್ಕೆ ಇಂಗಾಲ ಉಣಿಸಿ ಮಾಡುತ್ತಿದ್ದ ಉಕ್ಕು ಅದು. 1795ರಲ್ಲಿ ಜಾರ್ಜ್ ಪಿಯರ್ಸನ್ ಎಂಬಾತ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಅದರ ಬಗ್ಗೆ ಪ್ರಬಂಧ ಓದಿದ. ವಿದ್ಯುತ್ತಿನ ಪಾಠದಲ್ಲಿ ನೀವು ಓದುವ ಮೈಕೆಲ್ ಫ್ಯಾರಡೆ ಕೂಡ ಅದರ ಗುಟ್ಟು ಹುಡುಕಲು ವರ್ಷಗಟ್ಟಲೆ ಪ್ರಯೋಗ ಮಾಡಿದ. ಆಮೇಲೆ ಅಗ್ಗದ ವಿಲಾಯತಿ ಕಬ್ಬಿಣ ಬಂತು, ನಮ್ಮ ಹಳ್ಳಿಗಳ ಕುಲುಮೆಗಳು ಆರಿದವು.

ಬೇರೆ ಲೋಹಗಳ ಬಗ್ಗೆ ಬೇಗ ಹೇಳಿಬಿಡುತ್ತೇನೆ. ತಾಮ್ರಕ್ಕೆ ಸತು ಸೇರಿದರೆ ಹಿತ್ತಾಳೆ, ತವರ ಸೇರಿದರೆ ಕಂಚು. ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕಿಸುವುದು ಅಂದರೆ ಒಳಗೆ ತವರದ ತೆಳು ಹೊದಿಕೆ, ಹುಣಸೆಹುಳಿ ತಾಮ್ರವನ್ನು ತಿನ್ನದಿರಲಿ ಅಂತ. ಸ್ಟೀಲ್ ಪಾತ್ರೆಯೂ ಕಬ್ಬಿಣವೇ. ನೂರಕ್ಕೆ ಹದಿನೆಂಟು ಭಾಗ ಕ್ರೋಮಿಯಂ, ಎಂಟು ಭಾಗ ನಿಕ್ಕಲ್ ಬೆರೆತಿರುವುದರಿಂದ ಮೈಮೇಲೆ ಕಣ್ಣಿಗೆ ಕಾಣದ ಪೊರೆ ಕಟ್ಟಿಕೊಂಡು ತುಕ್ಕು ತಡೆಯುತ್ತದೆ. ಅಂದಹಾಗೆ, ಆ ಜಾತಿಯ ಸ್ಟೀಲಿಗೆ ಅಯಸ್ಕಾಂತ ಅಂಟುವುದಿಲ್ಲ. ‘ಅಂಟಲಿಲ್ಲ, ಇದು ಡುಪ್ಲಿಕೇಟ್’ ಅಂತ ಅಂಗಡಿಯವರ ಜೊತೆ ಜಗಳ ತೆಗೆಯಬೇಡಿ, ಅದೇ ಒಳ್ಳೆಯದು. ಗದಗು ಅಚ್ಚುಕೂಟಗಳಿಗೆ ಹೆಸರಾದ ಊರು. ನಮ್ಮಲ್ಲಿ ಎಷ್ಟೋ ಜನ ಅಕ್ಷರ ತಿದ್ದಿದ್ದು ಗದಗಿನಲ್ಲಿ ಅಚ್ಚಾದ ಅಂಕಲಿಪಿಯ ಮೇಲೆ. ಆಗಿನ ಅಚ್ಚುಮೊಳೆ ಬಹುಪಾಲು ಸೀಸ, ಜೊತೆಗೆ ಆಂಟಿಮನಿ ಮತ್ತು ತವರ. ಬರೀ ಸೀಸ ಆಗಿದ್ದರೆ ಯಂತ್ರದ ಒತ್ತಡಕ್ಕೆ ಅಕ್ಷರ ಚಪ್ಪಟೆಯಾಗುತ್ತಿತ್ತು. ಆಂಟಿಮನಿ ಗಟ್ಟಿ ಮಾಡುತ್ತದೆ, ಅಚ್ಚಿನಲ್ಲಿ ಆರುವಾಗ ಕುಗ್ಗುವುದನ್ನೂ ಕಡಿಮೆ ಮಾಡುತ್ತದೆ. ಅದಕ್ಕೇ ಕೊಂಬು, ದೀರ್ಘ, ಒತ್ತಕ್ಷರ ಎಲ್ಲ ಸ್ಪಷ್ಟವಾಗಿ ಮೂಡುತ್ತಿದ್ದವು.

ಈಗ ಬಂಗಾರ. ಕಬ್ಬಿಣದ ಹಾಗೆ ಬಂಗಾರ ಆಮ್ಲಜನಕವನ್ನು ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ಅದಕ್ಕೇ ತುಕ್ಕು ಇಲ್ಲ, ಅದಕ್ಕೇ ಕಲ್ಲಿನೊಳಗೂ ಬಂಗಾರ ಬಂಗಾರವಾಗಿಯೇ ಇರುತ್ತದೆ. ಗುಡ್ಡದ ಹಳ್ಳಗಳಲ್ಲಿ ಉಸುಕು ತೊಳೆದು ಬಂಗಾರದ ಕಣ ಆರಿಸುತ್ತಿದ್ದ ಜಾಲಗಾರರು ಇದ್ದರು. ಅಕ್ಕಿಯಲ್ಲಿ ಕಲ್ಲು ಜಾಲಿಸುತ್ತೀರಲ್ಲ ತಾಯಿ, ಅದೇ ಉಪಾಯ. ಭಾರವಾದದ್ದು ತಳದಲ್ಲಿ ಉಳಿಯುತ್ತದೆ, ಹಗುರಾದದ್ದು ನೀರಿನ ಜೊತೆ ಹೋಗುತ್ತದೆ. ಬ್ರೂಸ್ ಫೂಟ್ 1874ರಲ್ಲಿ ಡಂಬಳ ಗುಡ್ಡಗಳ ಬಂಗಾರದ ಬಗ್ಗೆ ವರದಿ ಬರೆದ. 1900ರ ನಂತರದ ಹತ್ತು-ಹನ್ನೆರಡು ವರ್ಷ ಇಂಗ್ಲಿಷ್ ಕಂಪನಿಗಳು ಕಬಲಾಯತಕಟ್ಟಿ, ಹೊಸೂರು, ಅತ್ತಿಕಟ್ಟಿ ಕಡೆ ಗಣಿ ತೋಡಿದವು. ಶಿರಹಟ್ಟಿ ಆಗ ಸಾಂಗ್ಲಿ ಸಂಸ್ಥಾನಕ್ಕೆ ಸೇರಿತ್ತು. ಕೆಲವೇ ವರ್ಷಗಳಲ್ಲಿ ಎಲ್ಲ ಮುಚ್ಚಿದವು.

ಯಾಕೆ ಮುಚ್ಚಿದವು ಅನ್ನುವುದರಲ್ಲಿ ಲೆಕ್ಕ ಇದೆ. ಬಂಗಾರದ ಗಣಿಯಲ್ಲಿ ಕೇಳುವ ಪ್ರಶ್ನೆ ‘ಇದೆಯೋ ಇಲ್ಲವೋ’ ಅಲ್ಲ, ‘ಟನ್ನಿಗೆ ಎಷ್ಟು ಗ್ರಾಂ’. ಟನ್ನಿಗೆ ಎರಡೂವರೆ ಗ್ರಾಂ ಅಂತ ಹಿಡಿಯಿರಿ, ಇವತ್ತಿನ ಕಾಲಕ್ಕೆ ಅದು ಕೆಟ್ಟ ಅದಿರಲ್ಲ. ಹತ್ತು ಗ್ರಾಂ ಬಂಗಾರಕ್ಕೆ ನಾಲ್ಕು ಟನ್ ಕಲ್ಲು, ಅಂದರೆ ಒಂದು ಟ್ರ್ಯಾಕ್ಟರ್ ಟ್ರೇಲರ್ ತುಂಬ. ಆ ಕಲ್ಲನ್ನು ಹಿಟ್ಟಿನ ಹಾಗೆ ನುಣ್ಣಗೆ ಬೀಸಬೇಕು, ಅದಕ್ಕೆ ಕರೆಂಟು ಬೇಕು, ನೀರು ಬೇಕು. ಕಣ್ಣಿಗೆ ಕಾಣದ ಬಂಗಾರವನ್ನು ಕರಗಿಸಲು ಸೈನೈಡ್ ಬೆರೆಸಿದ ನೀರು ಬೇಕು. ನಮ್ಮ ಗುಡ್ಡದ ಬಂಗಾರ ಪಾಷಾಣ, ಗಂಧಕ ಇರುವ ಕಲ್ಲಿನ ಜೊತೆ ಸೇರಿಕೊಂಡಿದೆ. ಬಂಗಾರ ತೆಗೆದ ಮೇಲೆ ಉಳಿಯುವ ಹಿಟ್ಟು ಎಷ್ಟು? ನಾಲ್ಕು ಟನ್ನಿನಲ್ಲಿ ಹತ್ತು ಗ್ರಾಂ ಕಳೆಯಿರಿ. ಉಳಿದದ್ದೆಲ್ಲ ಊರ ಪಕ್ಕದಲ್ಲೇ. ಕೋಲಾರದ ಗಣಿ 2001ರ ಫೆಬ್ರವರಿ 28ಕ್ಕೆ ಮುಚ್ಚಿತು, ಆದರೆ ಅಲ್ಲಿ ಬೀಸಿದ ಮಣ್ಣಿನ ದಿಬ್ಬಗಳು ಇವತ್ತಿಗೂ ಹಾಗೇ ಇವೆ, ಮೂರು ಕೋಟಿ ಟನ್ನಿಗೂ ಮೀರಿ. ಗಾಳಿಯ ದಿನಗಳಲ್ಲಿ ಆ ಧೂಳು ಮನೆಗಳ ಮೇಲೆ ಕೂಡುತ್ತದೆ. ನಮ್ಮ ಕಪ್ಪತಗುಡ್ಡದ ಗಾಳಿ ಹೇಗೆ ಬೀಸುತ್ತದೆ ಅಂತ ನಿಮಗೆ ಹೇಳಬೇಕಿಲ್ಲ. ಫ್ಯಾನುಗಳನ್ನು ಸುಮ್ಮನೆ ನೆಟ್ಟಿದ್ದಾರೆಯೇ?

ಕಬ್ಬಿಣದ ಅಂಕಿಗಳನ್ನು ಬರೆದುಕೊಂಡವರು ಈಗ ತೆಗೆಯಿರಿ. 2010ರಲ್ಲಿ ಮುಂಡರಗಿ ತಾಲೂಕಿನ ಹಳ್ಳಿಗುಡಿ ಬಳಿ ಪೋಸ್ಕೋ ಕಂಪನಿ ವರ್ಷಕ್ಕೆ 60 ಲಕ್ಷ ಟನ್ ಉಕ್ಕಿನ ಕಾರ್ಖಾನೆ ಹಾಕಲು ಸರ್ಕಾರದ ಜೊತೆ ಒಪ್ಪಂದ ಮಾಡಿಕೊಂಡಿತ್ತು. ರೈತರು ಎದ್ದರು. ಗದಗಿನ ತೋಂಟದಾರ್ಯ ಮಠದ ಲಿಂಗೈಕ್ಯ ಡಾ. ತೋಂಟದ ಸಿದ್ಧಲಿಂಗ ಮಹಾಸ್ವಾಮಿಗಳು ಮುಂದೆ ನಿಂತರು. 2011ರ ಜುಲೈನಲ್ಲಿ ಸರ್ಕಾರ ಭೂಸ್ವಾಧೀನ ಕೈಬಿಟ್ಟಿತು. ಈಗ ಗುಣಾಕಾರ ಮಾಡಿ: 60 ಲಕ್ಷಕ್ಕೆ 1.6ರಂತೆ ಅದಿರು 96 ಲಕ್ಷ ಟನ್, ಅರ್ಧದಂತೆ ಕೋಕ್ 30 ಲಕ್ಷ ಟನ್. ಪ್ರತಿ ವರ್ಷ. ಹೋರಾಟದಲ್ಲಿ ಇದ್ದವರೂ ಇಲ್ಲಿದ್ದೀರಿ, ಕೆಲಸ ಹೋಯಿತಲ್ಲ ಅಂತ ಬೇಸರಪಟ್ಟವರೂ ಇದ್ದೀರಿ. ಆ ಬೇಸರ ಸುಳ್ಳಲ್ಲ. ನನ್ನ ವಯಸ್ಸಿನ ಎಷ್ಟೋ ಗೆಳೆಯರು ಗೋವಾಕ್ಕೆ, ಬೆಂಗಳೂರಿಗೆ ದುಡಿಯಲು ಹೋದರು. ನಾನು ಲೋಹ ಬೇಡ ಅನ್ನುವವನಲ್ಲ. ನನ್ನ ಲ್ಯಾಪ್‌ಟಾಪ್ ತುಂಬ ಲೋಹವೇ ಇದೆ. ಆದರೆ 2019ರಲ್ಲಿ ಸುಮಾರು 244 ಚದರ ಕಿಲೋಮೀಟರ್ ಕಪ್ಪತಗುಡ್ಡ ವನ್ಯಜೀವಿಧಾಮ ಆದದ್ದು ಸರಿ ಎಂಬುದು ನನ್ನ ಅಭಿಪ್ರಾಯ. ಔಷಧಿ ಸಸ್ಯ, ಹಳ್ಳದ ನೀರು, ಮೇವು ಇವು ಟನ್ನಿಗೆ ಎರಡೂವರೆ ಗ್ರಾಂ ಲೆಕ್ಕದಲ್ಲಿ ಬರುವಂಥವಲ್ಲ.

ಇನ್ನೊಂದು ಗಣಿ ಇದೆ, ಅದರ ಬಗ್ಗೆ ಯಾರೂ ಜಗಳ ಆಡುವುದಿಲ್ಲ. ನಿಮ್ಮ ಮನೆಯ ಕಪಾಟಿನಲ್ಲಿ ಬಿದ್ದಿರುವ ಕೆಟ್ಟ ಮೊಬೈಲುಗಳು. ಒಂದು ಟನ್ ಹಳೆಯ ಮೊಬೈಲಿನಲ್ಲಿ ನೂರು ಗ್ರಾಂಗೂ ಹೆಚ್ಚು ಬಂಗಾರ ಇರುತ್ತದೆ. ಲೆಕ್ಕ ಹಾಕಿ, ನಮ್ಮ ಕಪಾಟು ಗುಡ್ಡಕ್ಕಿಂತ ಎಷ್ಟು ಪಟ್ಟು ಶ್ರೀಮಂತ ಅಂತ. ಆದರೆ ಅದನ್ನು ಮನೆಯಲ್ಲಿ ಸುಟ್ಟು ತೆಗೆಯಲು ಹೋಗಬೇಡಿ, ವಿಷದ ಹೊಗೆ. ಅದಕ್ಕೆಂದೇ ಪರವಾನಗಿ ಪಡೆದ ಸಂಗ್ರಹ ಕೇಂದ್ರಗಳಿಗೆ ಕೊಡಬೇಕು. ಕಬ್ಬಿಣವೂ ಅಷ್ಟೇ. ಗುಜರಿಯವನು ಒಯ್ಯುವ ಹಳೆಯ ಕಬ್ಬಿಣವನ್ನು ಕರಗಿಸಿದರೆ ಸಾಕು, ಅದರ ತುಕ್ಕು ಬಿಡಿಸುವ ಕೆಲಸ ಆಗಲೇ ಮುಗಿದಿದೆ, ಅಷ್ಟೊಂದು ಕಲ್ಲಿದ್ದಲು ಬೇಕಿಲ್ಲ. ಗುಜರಿಯವನನ್ನು ಯಾರೂ ಮೆಟಲರ್ಜಿ ಎಂಜಿನಿಯರ್ ಅನ್ನುವುದಿಲ್ಲ, ಆದರೆ ಅವನು ಉಳಿಸುವ ಕಲ್ಲಿದ್ದಲು ದೊಡ್ಡದು.

ಭಾಷಣ ಮುಗಿದ ಮೇಲೆ ಹಿರಿಯ ರೈತರೊಬ್ಬರು ಎದ್ದು ಕೇಳಿದರು: ‘ಎಲ್ಲಾ ಖರೆ ತಮ್ಮಾ, ಆದರ ಈಗಿನ ಸಂತಿ ಕುಡಗೋಲು ಎರಡ ದಿನಕ್ಕ ಮೊಂಡ ಆಗ್ತಾವಲ್ಲ, ಅದಕ್ಕೇನ ಮಾಡೂದು?’ ಅವರಿಗೆ ಕೊಟ್ಟ ಉತ್ತರವನ್ನೂ ಇಲ್ಲಿ ಸೇರಿಸುತ್ತೇನೆ. ಯಜಮಾನರ, ಅಗ್ಗದ ಕುಡಗೋಲುಗಳನ್ನು ಸಲಾಕೆಯಂಥ ಮೆದು ಕಬ್ಬಿಣದ ತಗಡಿನಲ್ಲಿ ಕತ್ತರಿಸಿರುತ್ತಾರೆ. ಅದರಲ್ಲಿ ಇಂಗಾಲವೇ ಕಡಿಮೆ, ಎಷ್ಟು ಸಲ ನೀರಿಗೆ ಅದ್ದಿದರೂ ಹದ ಹಿಡಿಯುವುದಿಲ್ಲ. ಪರೀಕ್ಷೆ ಸುಲಭ. ಬಾಯಿಯ ಒಂದು ತುದಿಗೆ ಅರ ಹಿಡಿದು ಒಮ್ಮೆ ಎಳೆಯಿರಿ. ಅರ ಸಲೀಸಾಗಿ ಕಚ್ಚಿ ಪುಡಿ ಉದುರಿದರೆ ಮೆದು, ಬಿಟ್ಟುಬಿಡಿ. ಅರ ಜಾರಿದ ಹಾಗೆ ಆಗಿ ಕಿರ್ ಅಂದರೆ ಹದ ಇದೆ. ಮುಂದಿನ ಸಂತೆಗೆ ಹೋಗುವಾಗ ಕಿಸೆಯಲ್ಲಿ ಒಂದು ಸಣ್ಣ ಅರ ಇರಲಿ. ಅಂಗಡಿಯವನು ಸಿಟ್ಟಿಗೆದ್ದರೆ ಅವನ ಮಾಲು ಎಂಥದು ಅಂತ ಅಲ್ಲೇ ಗೊತ್ತಾಗುತ್ತದೆ.